ಟೈಲರ್ ಮಾಮ ಚೌಕಕ್ಕೆ ಟ್ರಯಲ್ ಹಾಕಿದ್ದು

“ಅರ್ಥವಾಗದೇ ಇರೋದು ಏನಾದ್ರೂ ಇದ್ರೆ ಈಗಲೇ ಕೇಳಿಬಿಡಿ. ಕಟ್ಟಿದ ಮೇಲೆ ಕೇಳಿದ್ರೆ ನನ್ನ ಕೈಲೂ ಏನೂ ಆಗಲ್ಲ,” ಎಂದು ಇಂಜಿನಿಯರಮ್ಮ ಮೂರನೆಯ ಸಲ ಹೇಳಿದರು.

ಪುರಸಭೆಯ ಮಹಡಿ ಹಾಲಿನಲ್ಲಿ ಕೂತಿದ್ದ ನಾವು ನಲವತ್ತು ಚಿಲ್ಲರೆ ಜನ ಮೂರನೆಯ ಸಲವೂ ತಲೆಯಾಡಿಸಿದೆವು. ಅರ್ಥವಾಯಿತೆಂದು ಆಡಿಸಿದ ತಲೆಯಲ್ಲ ಅದು. ಬೇಗ ಬಿಟ್ಟರೆ ಹೋಗಿ ಅಂಗಡಿ ಬಾಗಿಲು ತೆಗೆಯಬಹುದೆಂದು ಆಡಿಸಿದ್ದು. ಗೋಡೆಗೆ ತೂಗುಹಾಕಿದ್ದ ನಕ್ಷೆ ಒಂದು ಕಿಟಕಿಯಷ್ಟು ದೊಡ್ಡದಿತ್ತು. ಅದರಲ್ಲಿ ಗೆರೆಗಳಿದ್ದವು, ಗೆರೆಗಳ ಮೇಲೆ ಗೆರೆಗಳಿದ್ದವು, ಸಣ್ಣ ಸಣ್ಣ ಸೊನ್ನೆಗಳ ಹೊಟ್ಟೆಯಲ್ಲಿ ಒಂದರಿಂದ ಹನ್ನೊಂದರವರೆಗೆ ಅಂಕಿಗಳಿದ್ದವು. ನಮ್ಮ ಬೀದಿಯ ಚೌಕವನ್ನು ಹೊಸದಾಗಿ ಕಟ್ಟುತ್ತಾರಂತೆ, ಅದಕ್ಕೆ ನಿವಾಸಿಗಳ ಅಭಿಪ್ರಾಯ ಬೇಕಂತೆ. ಇಷ್ಟು ವರ್ಷ ನಮ್ಮನ್ನು ಯಾರೂ ಏನೂ ಕೇಳಿದವರಲ್ಲ. ಇದ್ದಕ್ಕಿದ್ದಂತೆ ಕೇಳಿದರೆ ಅಭಿಪ್ರಾಯವನ್ನು ಎಲ್ಲಿಂದ ತರುವುದು? ಮನೆಯಲ್ಲಿ ಇಟ್ಟು ಬಂದವರ ಹಾಗೆ ಎಲ್ಲರೂ ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದೆವು.

“ನಿಜವಾಗ್ಲೂ ಒಬ್ಬರಿಗಾದ್ರೂ ಅರ್ಥವಾಗಿದೆಯಾ?” ಇಂಜಿನಿಯರಮ್ಮನ ದನಿ ಸಣ್ಣಗಾಯಿತು. ಎಳೆ ವಯಸ್ಸಿನ ಹೆಣ್ಣುಮಗಳು, ಪಾಪ. ನೋಡುತ್ತಿದ್ದರೆ ಅರ್ಥ ಮಾಡಿಕೊಂಡುಬಿಡೋಣ ಅನ್ನಿಸುವಂತಿತ್ತು.

ಆಗ ನನ್ನ ಪಕ್ಕದಲ್ಲಿ ಒಂದು ಕೈ ಮೇಲೆದ್ದಿತು.

“ಅಳತೆ ವಿಷಯ ತಾನೇ ಮೇಡಂ? ಮೂವತ್ತೆರಡು ವರ್ಷದಿಂದ ಅದನ್ನೇ ಮಾಡ್ಕೊಂಡು ಬಂದಿದ್ದೀನಿ. ನನಗೆ ಗೊತ್ತಾಯ್ತು ಬಿಡಿ.”

ಅದು ನಮ್ಮ ಟೈಲರ್ ಮಾಮ. ಅವರ ಹೊಲಿಗೆ ಅಂಗಡಿಗೂ ನನ್ನ ಜೆರಾಕ್ಸ್ ಅಂಗಡಿಗೂ ನಡುವೆ ಒಂದೇ ಗೋಡೆ. ಇಪ್ಪತ್ತು ವರ್ಷ ಆ ಗೋಡೆಗೆ ಒರಗಿ ಕೂತ ಅನುಭವದಿಂದ ಹೇಳುತ್ತೇನೆ: ‘ಗೊತ್ತಿಲ್ಲ’ ಎಂಬ ಮಾತು ಮಾಮನ ಬಾಯಿಂದ ಬಂದದ್ದನ್ನು ಕೇಳಿದವರು ಈ ಊರಲ್ಲಿಲ್ಲ. ದಾರಿಹೋಕರು ಯಾರದೋ ಮನೆಯ ವಿಳಾಸ ಕೇಳಿದರೆ, ಆ ಹೆಸರನ್ನು ಹುಟ್ಟಿದಂದಿನಿಂದ ಕೇಳಿಲ್ಲದಿದ್ದರೂ, “ನೇರ ಹೋಗಿ, ಎಡಕ್ಕೆ ತಿರುಗಿ” ಅನ್ನುತ್ತಾರೆ. ಹಾಗೆ ಹೋದವರಲ್ಲಿ ಕೆಲವರು ಇವತ್ತಿಗೂ ಈ ಕಡೆ ವಾಪಸ್ ಬಂದಿಲ್ಲ.

ಮಾಮ ಕೈ ಎತ್ತಿದ್ದೇ ತಡ, ಕ್ಷೌರದಂಗಡಿಯ ಯಜಮಾನರು ಚಪ್ಪಾಳೆ ತಟ್ಟಿದರು. ಅವರ ಹಿಂದೆ ಎಲ್ಲರೂ ತಟ್ಟಿದೆವು. ಬಲಿಗೆ ಒಂದು ತಲೆ ಸಿಕ್ಕಾಗ ಉಳಿದ ತಲೆಗಳಿಗೆ ಆಗುವ ಸಂತೋಷ ಅದು. ಎರಡು ನಿಮಿಷದಲ್ಲಿ ಮಾಮನನ್ನು ನಿವಾಸಿಗಳ ಪ್ರತಿನಿಧಿ ಎಂದು ಬರೆದುಕೊಂಡದ್ದಾಯಿತು. ನಕ್ಷೆಯನ್ನು ಸುರುಳಿ ಸುತ್ತಿ, ಉದ್ದನೆಯ ಕೊಳವೆಗೆ ತುಂಬಿ, ಅವರ ಹೆಗಲಿಗೆ ತೂಗುಹಾಕಿದರು.

“ಎಂಟು ದಿನ ಟೈಮಿದೆ. ಎಲ್ಲರಿಗೂ ತಿಳಿಸಿ ಹೇಳಿ, ಒಪ್ಪಿಗೆ ಇದ್ರೆ ಈ ಫಾರಂ ಮೇಲೆ ಸಹಿ ಹಾಕಿಸಿ. ಇಲ್ಲ ಅಂದ್ರೆ ಏನು ಬೇಡ, ಏನು ಬೇಕು ಅಂತ ಬರೆಸಿ. ನಕ್ಷೆಗೆ ಮಾತ್ರ ಏನೂ ಆಗಬಾರದು, ಇದೊಂದೇ ಪ್ರತಿ ಇರೋದು.”

“ರೇಷ್ಮೆ ಬಟ್ಟೆ ಥರ ನೋಡ್ಕೋತೀನಿ ಮೇಡಂ,” ಅಂದರು ಮಾಮ.

ಎರಡು ದಿನ ಮಾಮ ಆ ಕೊಳವೆಯನ್ನು ಹೆಗಲಿನಿಂದ ಇಳಿಸಲಿಲ್ಲ. ಹಾಲು ತರಲು ಹೋದಾಗಲೂ ಅದು ಬೆನ್ನ ಮೇಲಿತ್ತು. ಬೀದಿಯಲ್ಲಿ ಜನ ನಿಲ್ಲಿಸಿ ಕೇಳತೊಡಗಿದರು. ಚರಂಡಿ ಎಲ್ಲಿ ಬರುತ್ತೆ ಮಾಮ? “ಇದೆ, ಇದೆ.” ದೀಪದ ಕಂಬ? “ಇದೆ, ಇದೆ.” ನಾಯಿಗಳಿಗೆ ಏನಾದರೂ? “ಅದೂ ಒಳಗಡೆ ಇದೆ.” ಮೂರನೆಯ ದಿನ ಅಂಗಡಿ ಬಾಗಿಲು ಅರ್ಧ ಎಳೆದುಕೊಂಡು, ಕತ್ತರಿಸುವ ಮೇಜಿನ ಮೇಲೆ ನಕ್ಷೆ ಬಿಡಿಸಿ, ನಾಲ್ಕು ಮೂಲೆಗೆ ನಾಲ್ಕು ದಾರದ ಉಂಡೆ ಇಟ್ಟು ಕೂತರು. ನಾನು ಟೀ ಲೋಟ ಹಿಡಿದುಕೊಂಡು ಒಳಗೆ ಹೋದಾಗ ಅವರು ನಕ್ಷೆಯನ್ನು ನೋಡುತ್ತಿದ್ದ ರೀತಿ, ಸಾಲ ಕೇಳಲು ಬಂದ ನೆಂಟನನ್ನು ನೋಡುವ ಹಾಗಿತ್ತು.

“ಏನ್ ಮಾಮ, ಅರ್ಥ ಆಯ್ತಾ?”

“ಆಗಿದೆ. ಇನ್ನೊಂದು ಸಲ ಆಗ್ಲಿ ಅಂತ ನೋಡ್ತಾ ಇದ್ದೀನಿ.”

ಅಷ್ಟರಲ್ಲಿ ಬಾಗಿಲ ಸಂದಿಯಿಂದ ಅಕ್ಕ ಬಂದರು. ಮಾಮನ ಸ್ವಂತ ಅಕ್ಕ, ಅವರಿಗಿಂತ ಹನ್ನೆರಡು ವರ್ಷ ದೊಡ್ಡವರು. ಅವರನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವರು. ಕಾಲಿನಲ್ಲಿ ಮಾಯದ ಹುಣ್ಣು. ವಾರಕ್ಕೆ ಮೂರು ಬೆಳಗ್ಗೆ, ಸೋಮವಾರ, ಬುಧವಾರ, ಶುಕ್ರವಾರ, ಚೌಕದ ಆ ತುದಿಯ ಕ್ಲಿನಿಕ್ಕಿಗೆ ಪಟ್ಟಿ ಬದಲಿಸಿಕೊಳ್ಳಲು ಹೋಗಬೇಕು. ಮನೆಯಿಂದ ಕ್ಲಿನಿಕ್ಕಿಗೆ ಒಂದೇ ಉಸಿರಿಗೆ ಹೋಗಲಾರರು. ಅರ್ಧ ದಾರಿಯಲ್ಲಿ, ಸರಿಯಾಗಿ ಚೌಕದ ನಮ್ಮ ಕಡೆಯ ಅಂಚಿನಲ್ಲಿ, ಒಂದು ಕಲ್ಲು ಚಪ್ಪಡಿ ಇದೆ. ಯಾವುದೋ ಕಾಲದ ಕಟ್ಟಡದ ಮೆಟ್ಟಿಲಿರಬೇಕು. ಯಾರೂ ಹಾಕಿದ್ದಲ್ಲ, ಯಾರೂ ತೆಗೆದಿಲ್ಲ. ಅದರ ಮೇಲೆ ಹತ್ತು ನಿಮಿಷ ಕೂತರೆ ಮುಂದಿನ ಅರ್ಧ ದಾರಿಗೆ ಕಾಲು ಒಪ್ಪುತ್ತದೆ. ಗಾಡಿಯಲ್ಲಿ ಬಿಟ್ಟು ಬರ್ತೀನಿ ಎಂದು ನಾನೇ ಎಷ್ಟು ಸಲ ಕರೆದಿದ್ದೇನೋ. “ಕಾಲು ಇನ್ನೂ ಇದೆಯಲ್ಲಪ್ಪ, ಇರೋತನಕ ಅದರ ಮೇಲೇ ಹೋಗ್ತೀನಿ,” ಅನ್ನುತ್ತಾರೆ. ಒಟ್ಟಿನಲ್ಲಿ ಆ ಕಲ್ಲು ಇದ್ದರೆ ಅಕ್ಕನಿಗೆ ಕ್ಲಿನಿಕ್ ಉಂಟು, ಇಲ್ಲದಿದ್ದರೆ ಇಲ್ಲ.

ಅಕ್ಕ ನಕ್ಷೆಯ ಮೇಲೆ ಬಗ್ಗಿ ನೋಡಿದರು. “ಇದರಲ್ಲಿ ನನ್ನ ಕಲ್ಲು ಎಲ್ಲಿದ್ಯೋ?”

ಮಾಮನ ಬೆರಳು ನಕ್ಷೆಯ ಮೇಲೆ ಒಂದು ಸುತ್ತು ಹೊಡೆಯಿತು, ಎರಡು ಸುತ್ತು ಹೊಡೆಯಿತು, ಇಳಿಯಲು ಜಾಗ ಸಿಗದ ಹಕ್ಕಿಯ ಹಾಗೆ.

“ಇದೆ, ಇದೆ. ಒಳಗಡೆ ಇದೆ.”

“ಒಳಗಡೆ ಅಂದ್ರೆ?”

“ಅಕ್ಕ, ಕೋಟಿಗೆ ಅಸ್ತರ್ ಇರಲ್ವಾ ಒಳಗಡೆ, ಹೊರಗಿಂದ ಕಾಣುತ್ತಾ ಅದು?”

ಅಕ್ಕ ತಮ್ಮನ ಮುಖವನ್ನೊಮ್ಮೆ ನೋಡಿ, ಹೊರಟುಹೋದರು. ಆ ನೋಟ ಮಾಮನಿಗೆ ತಾಗಿತು. ನನ್ನ ಟೀಯನ್ನೂ ತಾವೇ ಕುಡಿದುಬಿಟ್ಟದ್ದರಿಂದ ನನಗದು ಗೊತ್ತಾಯಿತು.

ಮಾರನೆಯ ದಿನ ಗೋಡೆಯಾಚೆಯಿಂದ ಮೇಜು ಗುದ್ದಿದ ಸದ್ದು. “ಏಯ್ ಜೆರಾಕ್ಸು, ಬಾ ಇಲ್ಲಿ! ಕಾಗದ ತೋರಿಸಿದ್ರೆ ಯಾವ ಗಿರಾಕಿಗೆ ಏನು ಗೊತ್ತಾಗುತ್ತೆ? ಮೂವತ್ತೆರಡು ವರ್ಷದಲ್ಲಿ ನಾನು ಯಾರಿಗಾದ್ರೂ ಕಾಗದ ತೋರಿಸಿದ್ದೀನಾ? ಕಚ್ಚಾ ಹೊಲಿಗೆ ಹಾಕಿ, ಮೈಮೇಲೆ ತೊಡಿಸಿ, ಕನ್ನಡಿ ಮುಂದೆ ನಿಲ್ಲಿಸ್ತೀನಿ. ಕಂಕುಳಲ್ಲಿ ಬಿಗಿ, ಕತ್ತಲ್ಲಿ ಸಡಿಲ, ಎಲ್ಲ ಅವನೇ ಹೇಳ್ತಾನೆ. ಚೌಕಕ್ಕೂ ಟ್ರಯಲ್ ಹಾಕೋಣ!”

ಇದು ನಿಜವಾಗಿಯೂ ಒಳ್ಳೆಯ ಯೋಚನೆಯಾಗಿತ್ತು. ಮಾಮನ ತಲೆಯಿಂದ ಒಳ್ಳೆಯ ಯೋಚನೆಗಳು ಬರುವುದೇ ಇಲ್ಲವೆಂದು ನಾನು ಎಂದೂ ಹೇಳಿಲ್ಲ. ಬಂದ ಮೇಲೆ ಅವು ಮಾಮನ ಕೈಗೆ ಸಿಗುತ್ತವೆ, ಅಲ್ಲಿದೆ ತೊಂದರೆ.

ನಕ್ಷೆಗೆ ಏನೂ ಆಗಬಾರದು. ನನ್ನ ಜೆರಾಕ್ಸ್ ಯಂತ್ರದಲ್ಲಿ ಅಷ್ಟು ದೊಡ್ಡದು ಹಿಡಿಯುವುದಿಲ್ಲ. ಹಾಗಾಗಿ ಮಾಮ ತಮ್ಮ ಕಸುಬಿನ ದಾರಿ ಹಿಡಿದರು. ಮೇಜಿನ ಮೇಲೆ ದಪ್ಪ ಖಾಕಿ ಕಾಗದ ಹಾಸಿದರು, ಅದರ ಮೇಲೆ ನಕ್ಷೆ ಇಟ್ಟರು. ಹಿಡಿಯಿರುವ ಒಂದು ಪುಟ್ಟ ಹಲ್ಲಿನ ಚಕ್ರ ಅವರ ಬಳಿ ಇದೆ. ಅದನ್ನು ಮೆತ್ತಗೆ ಗೆರೆಯ ಮೇಲೆ ಉರುಳಿಸಿದರೆ ಮೇಲಿನ ಕಾಗದಕ್ಕೆ ಹೇಳಿಕೊಳ್ಳುವಂಥ ಗಾಯವಾಗದೆ ಕೆಳಗಿನ ಕಾಗದದಲ್ಲಿ ಸಾಲಾಗಿ ಚುಕ್ಕಿ ಬೀಳುತ್ತವೆ. ಪ್ಯಾಟರ್ನ್ ತೆಗೆಯುವುದು ಹೀಗೆಯೇ. ಎಲ್ಲ ಗೆರೆಯ ಮೇಲೂ ಚಕ್ರ ಓಡಿದ ಮೇಲೆ ಮಾಮ ಖಾಕಿ ಕಾಗದವನ್ನು ಎತ್ತಿ, ಅಭ್ಯಾಸಬಲದಿಂದ ಮಗುಚಿ ಹಾಕಿದರು. ಚುಕ್ಕಿಗಳು ಉಬ್ಬಿ ಬೆರಳಿಗೆ ಸಿಗುವುದು ಹಿಂಬದಿಯಲ್ಲಿ. ಬಟ್ಟೆಗೆ ಗುರುತು ಹಾಕುವುದೂ ಹಿಂಬದಿಯಲ್ಲೇ. ಯಾವ ಟೈಲರನ್ನು ಬೇಕಾದರೂ ಕೇಳಿ. ಆ ಬದಿಯ ಮೇಲೆ, ನಕ್ಷೆಯ ಮೂಲೆಯಲ್ಲಿ ಅಂಕಿಗೊಂದರಂತೆ ಪಟ್ಟಿ ಮಾಡಿದ್ದ ಹೆಸರುಗಳನ್ನು ಒಂದೊಂದಾಗಿ ದೊಡ್ಡಕ್ಷರದಲ್ಲಿ ಬರೆದರು. ಮೂರು: ನಾಮಫಲಕದ ಕಟ್ಟೆ. ನಾಲ್ಕು: ಬೆಂಚು ಮತ್ತು ನೆರಳಿನ ಮರ. ಏಳು: ವಾಹನ ನಿಲುಗಡೆ. ಒಂಬತ್ತು: ಶೌಚಾಲಯ.

ಒಂದಕ್ಕೆ ಐವತ್ತರ ಅಳತೆ. ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಮಾಮ, ಕ್ಷೌರದಂಗಡಿ ಯಜಮಾನರು, ನಾನು, ಮೂವರೂ ಚೌಕಕ್ಕೆ ಇಳಿದೆವು. ಚೌಕ ಗೊತ್ತಲ್ಲ, ಮಡಿಸಿದ ಕರವಸ್ತ್ರದ ಹಾಗೆ ಎರಡೂ ಕಡೆ ಒಂದೇ ಥರ. ಒಂದು ಕಡೆ ನಮ್ಮ ಸಾಲು: ಕ್ಲಿನಿಕ್, ಕ್ಷೌರದಂಗಡಿ, ಹೊಲಿಗೆ ಅಂಗಡಿ, ಜೆರಾಕ್ಸು. ಎದುರಿಗೆ ಬಂಗಲೆ ಸಾಲು. ಕ್ಷೌರದಂಗಡಿಗೆ ಸರಿಯಾಗಿ ಎದುರಲ್ಲಿ ವಾರ್ಡಿನ ಮೆಂಬರ್ ಸಾಹೇಬರ ಗೇಟು. ಮೆಂಬರ್ ಬುಧವಾರದವರೆಗೆ ಊರಲ್ಲಿರಲಿಲ್ಲ. ಮಾಮ ಟೇಪು ಹಿಡಿದು “ಹದಿನಾಲ್ಕೂವರೆ!” ಎಂದು ಕೂಗುವುದು, ನಾನು ಸುಣ್ಣದ ಪುಡಿ ಎಳೆಯುವುದು. ಒಂಬತ್ತು ಗಂಟೆಗೆ ಇಡೀ ಚೌಕ ಬಿಳಿ ಗೆರೆಗಳ ಅಂಗಿ ತೊಟ್ಟು ನಿಂತಿತ್ತು.

ಅಕ್ಕನ ಕಲ್ಲಿನ ಹತ್ತಿರ ಬಂದಾಗ ಮಾಮ ಪ್ಯಾಟರ್ನ್ ನೋಡಿದರು, ಇನ್ನೊಮ್ಮೆ ನೋಡಿದರು, ಕೂಗಿಕೊಂಡರು. “ನಾಲ್ಕು! ನಾಲ್ಕನೇ ನಂಬರು! ಅಕ್ಕನ ಕಲ್ಲಿನ ಜಾಗಕ್ಕೇ ಬೆಂಚು ಕಣ್ರೋ, ಮೇಲೆ ಮರ ಬೇರೆ!” ಕಲ್ಲಿನ ಸುತ್ತ ನಾಲ್ಕು ಗೆರೆಯನ್ನು ನನಗೆ ಕೊಡದೆ ತಾವೇ ಎಳೆದರು, ಬಟ್ಟೆಗೆ ಗುರುತು ಹಾಕುವ ತಮ್ಮ ಚಪ್ಪಟೆ ಸೀಮೆಸುಣ್ಣದಲ್ಲಿ.

ಸಭೆಗೆ ಬಾರದಿದ್ದ ಜನವೆಲ್ಲ ಚೌಕಕ್ಕೆ ಬಂದರು. ಕಾಗದದ ಮುಂದೆ ಬಾಯಿಗೆ ಬೀಗ ಹಾಕಿಕೊಂಡಿದ್ದವರಿಗೆ ನೆಲದ ಮೇಲೆ ಅಭಿಪ್ರಾಯ ಉಕ್ಕಿ ಹರಿಯಿತು. ಇಬ್ಬರು ಹೆಂಗಸರು ಗೆರೆಯ ಬೆಂಚಿನ ಅಳತೆಗೆ ನಿಂತು, “ಮೂರು ಜನಕ್ಕೆ ಸಾಕು, ಅವಳೂ ಬಂದ್ರೆ ಸಾಲಲ್ಲ,” ಎಂದು ಮೂರನೆಯವಳೊಬ್ಬಳ ಗಾತ್ರದ ಚರ್ಚೆಗೆ ಇಳಿದರು. ಸ್ಕೂಟರಿನವರು ಗೆರೆಯ ನಿಲುಗಡೆಯೊಳಗೇ ಶಿಸ್ತಾಗಿ ಗಾಡಿ ನಿಲ್ಲಿಸಿದರು. ನಿಜವಾದ ನಿಲುಗಡೆಯಲ್ಲಿ ಯಾವತ್ತೂ ನಿಲ್ಲಿಸಿದವರಲ್ಲ. ಕ್ಷೌರದಂಗಡಿ ಯಜಮಾನರು ತಮ್ಮ ಬಾಗಿಲ ಮುಂದೆ ಬಂದಿದ್ದ ನಾಮಫಲಕದ ಕಟ್ಟೆಯ ಗೆರೆಯೊಳಗೆ ಕುರ್ಚಿ ಹಾಕಿ, “ಕಾಯೋ ಗಿರಾಕಿಗೆ ಪುರಸಭೆಯಿಂದಲೇ ಕಟ್ಟೆ, ನೋಡಿ,” ಎಂದು ಎರಡು ಗಡ್ಡ ಅಲ್ಲೇ ಮುಗಿಸಿದರು.

ಒಬ್ಬರಿಗೆ ಮಾತ್ರ ಈ ಟ್ರಯಲ್ ಹಿಡಿಸಲಿಲ್ಲ. ಚೌಕ ಗುಡಿಸುವ ಚಿಕ್ಕಮ್ಮ. ಯಾರ ಚಿಕ್ಕಮ್ಮನೋ ಯಾರಿಗೂ ತಿಳಿಯದು, ಎಲ್ಲರಿಗೂ ಚಿಕ್ಕಮ್ಮ.

“ಗೆರೆ ಬಿಟ್ಟು ಗುಡಿಸಮ್ಮ,” ಅಂದರು ಮಾಮ.

“ಈ ಗೆರೆ ಬಿಡು, ಆ ಗೆರೆ ಬಿಡು ಅಂದ್ರೆ ನಾನು ಗಾಳಿ ಗುಡಿಸ್ಲಾ? ನೆಲದ ಮೇಲೆ ಬಿದ್ದಿದ್ದೆಲ್ಲ ನನ್ನ ಪೊರಕೆಗೆ ಕಸವೇ.” ಆಮೇಲೆ ಸೊಂಟದ ಮೇಲೆ ಕೈ ಇಟ್ಟು ಸುತ್ತ ನೋಡಿ, “ಇಷ್ಟೆಲ್ಲ ಬರೆದಿದ್ದೀರಲ್ಲ, ನಲ್ಲಿ ಎಲ್ಲಿ?” ಅಂದಳು.

“ಇದೆ, ಇದೆ.”

ಚಿಕ್ಕಮ್ಮ ನಕ್ಕು, ಪೊರಕೆ ಎತ್ತಿಕೊಂಡು, ಚರಂಡಿಯನ್ನು ಸಂಪೂರ್ಣವಾಗಿ ಗುಡಿಸಿ ಹಾಕಿದಳು. ದಿನಾ ಬೆಳಗ್ಗೆ ಅವಳು ಅಳಿಸುವುದು, ದಿನಾ ಬೆಳಗ್ಗೆ ಮಾಮ ಪ್ಯಾಟರ್ನ್ ಹಿಡಿದು ಮತ್ತೆ ಎಳೆಯುವುದು.

ಮೂರು ದಿನದಲ್ಲಿ ತೊಂಬತ್ತೊಂದು ಸಹಿಯಾಯಿತು. ಫಾರಮ್ಮಿನ ಪ್ರತಿ ತೆಗೆದವನು ನಾನೇ, ಒಕ್ಕಣೆ ಬಾಯಿಪಾಠವಾಗಿದೆ: ‘ನಕ್ಷೆಯನ್ನು ನೋಡಿ, ಅರ್ಥಮಾಡಿಕೊಂಡು, ಸ್ವಇಚ್ಛೆಯಿಂದ ಒಪ್ಪಿರುತ್ತೇವೆ.’ ಮೊದಲನೆಯ ಸಹಿ ಅಕ್ಕನದು. ಕಲ್ಲಿನ ಮೇಲೆ ಕೂತು, ಫಾರಂ ತೊಡೆಯ ಮೇಲೆ ಇಟ್ಟುಕೊಂಡು, ಸೂಜಿಗೆ ದಾರ ಪೋಣಿಸುವ ಹಾಗೆ ಒಂದೊಂದಕ್ಷರ ಬರೆದರು. “ಉಳಿಸಿದೆ ಕಣೋ,” ಅಂದರು. ಮಾಮ ಆ ದಿನ ಊಟ ಮಾಡಲಿಲ್ಲವಂತೆ. ಹೊಗಳಿಕೆಯಲ್ಲೇ ಹೊಟ್ಟೆ ತುಂಬಿತ್ತು ಎಂದು ಅವರ ಹೆಂಡತಿ ನನ್ನ ಹೆಂಡತಿಯ ಹತ್ತಿರ ದೂರಿದರು.

ಬುಧವಾರ ಬೆಳಗ್ಗೆ ಎಂಟೂವರೆಗೆ ಮೆಂಬರ್ ಸಾಹೇಬರ ಕಾರು ಬಂತು. ಗೇಟಿನ ಮುಂದೆ ನಿಂತಿತು. ಮೆಂಬರ್ ಇಳಿದರು. ಕಾಲ ಕೆಳಗೆ ನೋಡಿದರು. ಅವರ ಗೇಟಿನ ಉದ್ದಕ್ಕೂ ಬಿಳಿ ಚೌಕಟ್ಟು, ಅದರೊಳಗೆ ಮಾಮನ ದುಂಡಕ್ಷರದಲ್ಲಿ: ಶೌಚಾಲಯ, ಗಂಡಸರು. ಮೆಂಬರ್ ಬಲಗಾಲನ್ನು ಗಂಡಸರಿಂದ ಎತ್ತಿ ಪಕ್ಕಕ್ಕಿಟ್ಟರು. ಅದು ಹೆಂಗಸರಾಗಿತ್ತು. ಎರಡೂ ಕಾಲು ಎತ್ತಿ ಎಲ್ಲಿಡುವುದೆಂದು ತಿಳಿಯದೆ ಕಾರಿನೊಳಕ್ಕೆ ವಾಪಸ್ ಕೂತುಬಿಟ್ಟರು.

“ಯಾರ್ರೀ ಇದು!” ಕಾರಿನ ಕಿಟಕಿಯಿಂದ ಬಂದ ಆ ಕೂಗಿಗೆ ಕ್ಷೌರದಂಗಡಿಯಲ್ಲಿ ಒಬ್ಬರ ಮೀಸೆ ಒಂದು ಕಡೆ ಗಿಡ್ಡವಾಯಿತು.

ಮಾಮ ಕತ್ತಿಗೆ ಟೇಪು ನೇತುಹಾಕಿಕೊಂಡೇ ಓಡಿದರು. “ನಾನೇ ಸಾರ್. ನಿವಾಸಿಗಳ ಪ್ರತಿನಿಧಿ. ಟ್ರಯಲ್ ಹಾಕಿದ್ದೀವಿ. ಕೆಳಗಿಳಿದು ನೋಡಿ ಸಾರ್, ಎಲ್ಲಾದ್ರೂ ಬಿಗಿ ಅನ್ಸುತ್ತಾ?”

“ಬಿಗಿನಾ! ನನ್ನ ಬಾಗಿಲ ಮುಂದೆ, ನಾನು ಮಂಜೂರು ಮಾಡಿಸಿದ ದುಡ್ಡಲ್ಲಿ, ನನಗೇ ಇದನ್ನ ಕಟ್ಟಿಸ್ತೀರಾ?”

“ನಿಮಗೆ ಅಂತಲ್ಲ ಸಾರ್, ಸಾರ್ವಜನಿಕರಿಗೆ.”

ಫೋನು ಹೋಯಿತು. ಒಂಬತ್ತೂವರೆಗೆ ಇಂಜಿನಿಯರಮ್ಮ ಬಂದರು. ಅಷ್ಟು ಹೊತ್ತಿಗೆ ಕ್ಲಿನಿಕ್ಕಿನ ಸಾಲೂ ಬೆಳೆದಿತ್ತು. ಪಟ್ಟಿ ಕಟ್ಟಿಸಿಕೊಳ್ಳುವವರು, ಸೂಜಿ ಚುಚ್ಚಿಸಿಕೊಳ್ಳುವವರು, ಎಲ್ಲರೂ ತಮ್ಮ ಸರದಿ ಬಿಟ್ಟು ಚೌಕದ ಸುತ್ತ ನಿಂತಿದ್ದರು. ಅಕ್ಕ ಕಲ್ಲಿನ ಮೇಲಿದ್ದರು. ಇಂಜಿನಿಯರಮ್ಮ ಮಾಮನ ಕೊಳವೆಯಿಂದ ನಕ್ಷೆ ತೆಗೆದು ಬಿಡಿಸಿ ಅದನ್ನೊಮ್ಮೆ ನೆಲವನ್ನೊಮ್ಮೆ ನೋಡಿದರು. ನಕ್ಷೆಯನ್ನು ಲಾರಿ ಸ್ಟೇರಿಂಗಿನ ಹಾಗೆ ಬಲಕ್ಕೆ ತಿರುಗಿಸಿದರು, ಎಡಕ್ಕೆ ತಿರುಗಿಸಿದರು. ಕೊನೆಗೆ, “ಇದನ್ನ ಯಾವುದನ್ನ ನೋಡಿ ಅಳೆದ್ರಿ?” ಅಂದರು.

ಮಾಮ ಹೆಮ್ಮೆಯಿಂದ ಖಾಕಿ ಪ್ಯಾಟರ್ನ್ ತಂದುಕೊಟ್ಟರು. ಇಂಜಿನಿಯರಮ್ಮ ಅದನ್ನು ಬಿಸಿಲಿಗೆ ಹಿಡಿದರು. ಸಾಲು ಚುಕ್ಕಿಗಳಿಂದ ಬೆಳಕು ತೂರಿ ಅವರ ಮುಖದ ಮೇಲೆ ಬಿತ್ತು. ನಿಧಾನವಾಗಿ ಪ್ಯಾಟರ್ನನ್ನು ಮಗುಚಿ ನಕ್ಷೆಯ ಮೇಲಿಟ್ಟರು. ಒಂದು ಚುಕ್ಕಿ ಆಚೀಚೆ ಇಲ್ಲದೆ ಕೂತಿತು.

“ಇದು ಮಗುಚಿಬಿಟ್ಟಿದೆ. ಈ ಕಡೆದೆಲ್ಲ ಆ ಕಡೆ ಆಗಿದೆ.”

“ಪ್ಯಾಟರ್ನ್‌ಗೆ ಆ ಕಡೆ ಈ ಕಡೆ ಅಂತ ಇರಲ್ಲ ಮೇಡಂ,” ಮಾಮ ವಿನಯದಿಂದ ತಿದ್ದಿದರು. “ಹೀಗಿಟ್ರೆ ಎಡಗೈ ತೋಳು, ಹಾಗಿಟ್ರೆ ಬಲಗೈ ತೋಳು. ಒಂದೇ ಕಾಗದ.”

“ಚೌಕಕ್ಕೆ ಒಂದೇ ತೋಳು ಮಾಮ,” ಅಂದರು ಇಂಜಿನಿಯರಮ್ಮ. ನಗಬೇಕೋ ಅಳಬೇಕೋ ಎಂಬುದನ್ನು ಅವರು ಇನ್ನೂ ತೀರ್ಮಾನಿಸಿರಲಿಲ್ಲ.

ಮೆಂಬರ್ ಕಾರಿನಿಂದ ಇಳಿದು ಬಂದರು. “ಅಂದ್ರೆ ಈ ದರಿದ್ರ ಎಲ್ಲಿ ಬರಬೇಕಾಗಿತ್ತು?”

“ಕ್ಷೌರದಂಗಡಿ ಮುಂದೆ ಸಾರ್. ನಿಮ್ಮ ಕಡೆ ಬೆಂಚು, ಮರ, ನಾಮಫಲಕದ ಕಟ್ಟೆ.”

ಮೆಂಬರ್ ಮುಖ ಇಸ್ತ್ರಿ ಹಾಕಿದ ಹಾಗೆ ಸುಕ್ಕು ಬಿಟ್ಟಿತು. “ನೋಡಿದ್ರಾ! ನಾನು ಅವತ್ತೇ ಅಂದೆ, ಒಳ್ಳೇ ನಕ್ಷೆ ಅಂತ. ಟೈಲರ್ರೇ, ಸಹಿ ಎಷ್ಟಾಗಿದೆ?”

“ತೊಂಬತ್ತೊಂದು.”

“ಭೇಷ್! ಕೊಡಿ ಇಲ್ಲಿ, ನಾನೇ ಆಫೀಸಿಗೆ ಮುಟ್ಟಿಸ್ತೀನಿ. ಹೇಗಿದ್ರೂ ಎಲ್ಲರೂ ನಕ್ಷೆ ಒಪ್ಪಿದ್ದಾರಲ್ಲ.”

ಮಾಮ ಫಾರಮ್ಮುಗಳ ಕಟ್ಟನ್ನು ಕೊಡಲಿಲ್ಲ. ಅವರ ಕಣ್ಣು ನಕ್ಷೆಯ ಮೇಲಿತ್ತು. ಬೆರಳು ಈ ಸಲ ಹಕ್ಕಿಯ ಹಾಗೆ ಸುತ್ತಲಿಲ್ಲ. ಕ್ಲಿನಿಕ್ಕಿನಿಂದ ಅಳೆದುಕೊಂಡು ಬಂದು, ಸರಿಯಾಗಿ ಒಂದು ಕಡೆ ನಿಂತಿತು. ಅಲ್ಲಿದ್ದ ಅಂಕಿ ಏಳು. ವಾಹನ ನಿಲುಗಡೆ.

“ಏನಂತೋ?” ಕಲ್ಲಿನ ಮೇಲಿಂದ ಅಕ್ಕ ಕೇಳಿದರು. “ನನ್ನ ಕಲ್ಲು ಇದೆ ತಾನೇ?”

ನಾನು ಮೂರಡಿ ದೂರದಲ್ಲಿ ನಿಂತಿದ್ದೆ. ‘ಇದೆ, ಇದೆ’ ಎಂಬ ಮಾತು ಮಾಮನ ಗಂಟಲಿನವರೆಗೆ ಹತ್ತಿ ಬಂದದ್ದು ಕಣ್ಣಿಗೆ ಕಾಣುತ್ತಿತ್ತು. ಹತ್ತಿದ್ದು ಅಲ್ಲೇ ಕೂತು, ಆಮೇಲೆ ಇಳಿದುಹೋಯಿತು.

“ಇಲ್ಲ ಅಕ್ಕ. ನಿನ್ನ ಕಲ್ಲಿನ ಮೇಲೆ ಕಾರು ನಿಲ್ಲುತ್ತೆ. ನೀನು ಅದಕ್ಕೇ ಸಹಿ ಹಾಕಿದ್ದೀಯ.” ಸ್ವಲ್ಪ ತಡೆದು, ಎಲ್ಲರಿಗೂ ಕೇಳುವ ಹಾಗೆ ಹೇಳಿದರು: “ನನಗೆ ಈ ನಕ್ಷೆ ಅವತ್ತೂ ಅರ್ಥವಾಗಿರ್ಲಿಲ್ಲ. ಸುಮ್ನೆ ಕೈ ಎತ್ತಿದೆ.”

ಸುತ್ತ ನಿಂತವರು ಇನ್ನೂ ಹತ್ತಿರಕ್ಕೆ ಸರಿದರು. ಅರ್ಧ ಮೀಸೆಯವರೂ ಹೊರಗೆ ಬಂದು ನಿಂತಿದ್ದರು.

“ಅದು ನಿಮ್ಮ ತಪ್ಪು,” ಅಂದರು ಮೆಂಬರ್. “ಹಾಕಿದ ಸಹಿ ಹಾಕಿದ್ದೇ. ಕೊಡಿ.”

“ಟ್ರಯಲ್ ನೋಡಿ ಒಪ್ಪಿದ ಕೋಟು ಒಂದು, ಕೈಗೆ ಕೊಡೋ ಕೋಟು ಇನ್ನೊಂದು ಆದ್ರೆ ಗಿರಾಕಿ ನನಗೆ ಏನಂತಾನೆ ಸಾರ್?”

“ಏನಂತಾನೆ?”

“ಅದನ್ನ ಹೆಂಗಸರ ಮುಂದೆ ಹೇಳೋ ಹಾಗಿಲ್ಲ ಸಾರ್,” ಎಂದು ಕ್ಷೌರದಂಗಡಿ ಯಜಮಾನರು ಮಾಮನ ಪಕ್ಕಕ್ಕೆ ಬಂದು ನಿಂತರು. “ನನಗೂ ಅವತ್ತು ಏನೂ ಅರ್ಥವಾಗಿರ್ಲಿಲ್ಲ ಮೇಡಂ. ಚಪ್ಪಾಳೆ ಮಾತ್ರ ತಟ್ಟಿದೆ.” ಎಲ್ಲರೂ ನನ್ನ ಕಡೆ ತಿರುಗಿದ್ದರಿಂದ, ಅಂಗಡಿಗೆ ತಡವಾಗುತ್ತದೆಂದು ನಾನು ತಲೆಯಾಡಿಸಿದ್ದನ್ನು ಒಪ್ಪಿಕೊಳ್ಳಬೇಕಾಯಿತು. ಒಬ್ಬೊಬ್ಬರಾಗಿ ಎಲ್ಲರೂ ಒಪ್ಪಿಕೊಂಡರು. ಗೊತ್ತಿಲ್ಲ ಎಂದು ಇಷ್ಟು ಜನ ಇಷ್ಟು ಉತ್ಸಾಹದಿಂದ ಹೇಳಿದ್ದನ್ನು ನಾನು ಕಂಡಿರಲಿಲ್ಲ.

“ಸಾರ್, ನಿಮಗೆ?” ಇಂಜಿನಿಯರಮ್ಮ ಕೇಳಿದರು.

ಮೆಂಬರ್ ಆಕಾಶ ನೋಡಿದರು. “ಮೂರನೇ ನಂಬರು ಅರ್ಥವಾಗಿತ್ತು.”

ಮೂರು ಅಂದರೆ ನಾಮಫಲಕದ ಕಟ್ಟೆ, ಅವರ ಹೆಸರು ಬರುವ ಜಾಗ.

ಇಂಜಿನಿಯರಮ್ಮ ಎರಡು ಕಾಗದವನ್ನೂ ಹಿಡಿದುಕೊಂಡು ಹೋಗಿ ಅಕ್ಕನ ಪಕ್ಕ ಕಲ್ಲಿನ ಮೇಲೆ ಕೂತುಬಿಟ್ಟರು. ಅಲ್ಲಿ ತಣ್ಣನೆಯ ನೆರಳಿತ್ತು. ಎದುರಿಗೆ ಬಂಗಲೆ ಸಾಲು ಬಿಸಿಲಲ್ಲಿ ಸುಡುತ್ತಿತ್ತು. ತುಂಬ ಹೊತ್ತು ನೋಡಿ, ಯಾರಿಗೂ ಅಲ್ಲದ ಹಾಗೆ ಹೇಳಿದರು: “ನಾನು ಜಾಗ ನೋಡೋಕೆ ಒಂದೇ ಒಂದು ಸಲ ಬಂದಿದ್ದೆ. ಸಂಜೆ ಐದೂವರೆಗೆ. ಆವಾಗ ನೆರಳು ಆ ಕಡೆ ಇತ್ತು.”

“ಸಂಜೆ ಐದೂವರೆಗೆ ಕ್ಲಿನಿಕ್ ಬಾಗಿಲು ಹಾಕಿರುತ್ತೆ ಕಣಮ್ಮ,” ಅಂದರು ಅಕ್ಕ, ತಪ್ಪು ಹುಡುಕಿದ ಹಾಗಲ್ಲ, ಬಸ್ಸಿನ ಟೈಮು ಹೇಳಿದ ಹಾಗೆ.

ಇಷ್ಟು ಹೊತ್ತು ಪೊರಕೆಗೆ ಒರಗಿ ನಿಂತಿದ್ದ ಚಿಕ್ಕಮ್ಮ ಆಗ ಬಾಯಿ ಬಿಟ್ಟಳು. “ಶೌಚಾಲಯ ಯಾರ ಬಾಗಿಲಿಗೂ ಬೇಡ. ಹೊಟ್ಟೆ ಕೆಟ್ಟಾಗ ಮಾತ್ರ ಎಲ್ಲರಿಗೂ ಹತ್ತಿರ ಬೇಕು. ತೊಳೆಯೋಳು ನಾನು, ನನ್ನ ಕೇಳಿ. ಅಗೋ, ಆ ತುದೀಲಿ ನೀರಿನ ಟ್ಯಾಂಕ್ ಹಿಂದೆ ಹಾಕಿ. ಅಲ್ಲಿ ಇಳಿಜಾರಿದೆ, ಎರಡು ಬಕೆಟ್ ಸುರಿದ್ರೆ ನೀರು ತಾನಾಗೇ ಹೋಗುತ್ತೆ. ನಲ್ಲೀನೂ ಅಲ್ಲೇ ಆಯ್ತು.”

ಇಂಜಿನಿಯರಮ್ಮ ಪೆನ್ನು ತೆಗೆದರು. “ಇದನ್ನ ಸಭೇಲಿ ಯಾಕೆ ಹೇಳ್ಲಿಲ್ಲ? ಬಂದಿರ್ಲಿಲ್ವಾ ನೀವು?”

“ಬಂದಿದ್ದೆನಲ್ಲ. ನೀವೆಲ್ಲ ಎದ್ದು ಹೋದ್ಮೇಲೆ, ಹಾಲ್ ಗುಡಿಸೋಕೆ.”

ಪೆನ್ನು ಮೊದಲು ಅದನ್ನೇ ಬರೆಯಿತು. ಆಮೇಲೆ ಟ್ಯಾಂಕು, ನಲ್ಲಿ.

“ಒಂದು ಮಾತು ಹೇಳಿಬಿಡ್ತೀನಿ,” ಅಂದರು ಇಂಜಿನಿಯರಮ್ಮ ಎದ್ದು. “ಸಹಿ ವಾಪಸ್ ತಗೊಂಡ್ರೆ ಹೊಸ ನಕ್ಷೆ ಆಗಬೇಕು, ಮೇಲಿನವರು ಒಪ್ಪಬೇಕು. ಎರಡು ತಿಂಗಳಾದ್ರೂ ತಡ. ಒಪ್ಪದೇ ಇದ್ರೂ ಇರಬಹುದು, ನಾನು ಮಾತು ಕೊಡೋಕಾಗಲ್ಲ.”

“ತಡವಾಗ್ಲಿ ಮೇಡಂ,” ಅಂದರು ಮಾಮ. “ಹೊಲಿದಿದ್ದನ್ನ ಬಿಚ್ಚಬಹುದು. ಕತ್ತರಿ ಆಡಿಸಿದ ಮೇಲೆ ಏನು ಮಾಡ್ತೀರಿ?”

ಅಕ್ಕ ಪೆನ್ನು ಕೇಳಿದರು. ಮೊದಲನೆಯ ಸಾಲಿನ ತಮ್ಮ ಹೆಸರಿನ ಮೇಲೆ, ಬರೆಯಲು ಎಷ್ಟು ಹೊತ್ತು ಹಿಡಿದಿದ್ದರೋ ಅಷ್ಟೇ ಹೊತ್ತು ಹಿಡಿದು, ಒಂದು ಗೆರೆ ಎಳೆದರು. ಅವರ ಹಿಂದೆ ಕ್ಲಿನಿಕ್ಕಿನ ಸಾಲು ಪೆನ್ನಿಗಾಗಿ ಸಾಲು ನಿಂತಿತು. ಮೆಂಬರ್ ಎರಡು ಸಲ ಕೆಮ್ಮಿದರು. ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ, “ಆ ಟ್ಯಾಂಕ್ ಹಿಂದೆ ಅಂದ್ಲಲ್ಲ, ಅದು ನಮ್ಮ ಮನೆಗೆ ಕಾಣಲ್ಲ ತಾನೇ?” ಎಂದು ಕೇಳಿದರು. ಕಾಣುವುದಿಲ್ಲ ಅಂದೆ. “ಹಾಗಾದ್ರೆ ಜನಾಭಿಪ್ರಾಯಕ್ಕೆ ಬೆಲೆ ಕೊಡಬೇಕು,” ಅಂದರು, ಜೋರಾಗಿ.

ಆ ದಿನ ಮಾಮ ಅಂಗಡಿಯಲ್ಲಿ ಗುಂಡಿ ಹೊಲಿಯುತ್ತಾ ಕೂತರು. ಮಧ್ಯಾಹ್ನ ಯಾರೋ ಬಂದು ಯಾರದೋ ಮನೆಯ ದಾರಿ ಕೇಳಿದರು. ಮಾಮ ಬಾಯಿ ತೆರೆದರು, ಮುಚ್ಚಿದರು, ನನ್ನ ಅಂಗಡಿಯ ಕಡೆ ಕೈ ತೋರಿಸಿದರು.

ಶುಕ್ರವಾರ ಬೆಳಗ್ಗೆ ಅಕ್ಕ ಕ್ಲಿನಿಕ್ಕಿಗೆ ಹೊರಟಾಗ ಮಾಮ ಜೊತೆಗೆ ಬಂದರು. ನಾನು ಅಂಗಡಿ ಬಾಗಿಲು ತೆಗೆಯುತ್ತಿದ್ದೆ. ಹೊಸ ನಕ್ಷೆಗೆ ಹೊಸ ಗೆರೆ ಎಳೆಯಬೇಕು, ಸೋಮವಾರ ಇಂಜಿನಿಯರಮ್ಮ ತಾವೇ ಟೇಪು ಹಿಡಿಯಲು ಬರುತ್ತಾರೆ, ಅದಕ್ಕೆ ಹಳೆಯ ಗೆರೆಯೆಲ್ಲ ಹೋಗಬೇಕು ಎಂದು ಚಿಕ್ಕಮ್ಮನಿಗೆ ಹೇಳಿಯಾಗಿತ್ತು. ಅವಳು ಬಂಗಲೆ ಸಾಲಿನ ಕಡೆಯಿಂದ ಶುರು ಮಾಡಿದ್ದಳು. ಮೆಂಬರ್ ಗೇಟಿನ ಮುಂದಿನದು ಆಗಲೇ ಧೂಳಾಗಿ ಎದ್ದಿತ್ತು.

ಅಕ್ಕ ಕಲ್ಲಿನ ಮೇಲೆ ಕೂತು ಕಾಲು ಚಾಚಿದರು. “ಚಿಕ್ಕವನಿದ್ದಾಗಲೂ ಹಾಗೇ ಕಣೋ ನೀನು. ಚಪ್ಪಲಿ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಹೇಳಿದ್ರೆ, ‘ನನಗೆ ಗೊತ್ತು’ ಅಂತಿದ್ದೆ.”

ಮಾಮ ತಲೆ ತಗ್ಗಿಸಿ ತಮ್ಮ ಚಪ್ಪಲಿ ನೋಡಿಕೊಂಡರು.

“ಕಲ್ಲು ಉಳಿಯುತ್ತೇನೋ?”

“ಗೊತ್ತಿಲ್ಲ ಅಕ್ಕ.”

ಅಕ್ಕ ತಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಹಾಗಾದ್ರೆ ಸ್ವಲ್ಪ ನಂಬಬಹುದು,” ಅಂದು, ಅವರ ಹೆಗಲು ಹಿಡಿದು ಎದ್ದು, ಕ್ಲಿನಿಕ್ಕಿನ ಕಡೆ ಹೆಜ್ಜೆ ಹಾಕಿದರು.

ಚಿಕ್ಕಮ್ಮನ ಪೊರಕೆ ಚೌಕವನ್ನು ಅಗಲಕ್ಕೂ ಉದ್ದಕ್ಕೂ ಗುಡಿಸುತ್ತಾ ಬಂತು. ಚರಂಡಿ ಹೋಯಿತು, ದೀಪದ ಕಂಬ ಹೋಯಿತು, ನಾಮಫಲಕ ಹೋಯಿತು. ಕಲ್ಲಿನ ಹತ್ತಿರ ಬಂದಾಗ ಅವಳು ಒಂದು ಕ್ಷಣ ನಿಂತಳು. ಸುತ್ತ ಎಳೆದಿದ್ದ ನಾಲ್ಕು ಗೆರೆಯ ಅಂಚಿನವರೆಗೆ ಗುಡಿಸಿ, ಪೊರಕೆಯನ್ನು ಎತ್ತಿ ಹಿಡಿದು, ಗೆರೆ ದಾಟಿ ಆಚೆ ಹೋಗಿ, ಅಲ್ಲಿಂದ ಮತ್ತೆ ಗುಡಿಸತೊಡಗಿದಳು.